ಮಾದರಿ ಪತ್ರವೂ ವಿಭಕ್ತಿ ಪ್ರತ್ಯಯವೂ

ಸಾಹಿತ್ಯ ವೃಂದದ ಪತ್ರಿಕೆಗೆ ಕಾಮರ್ಸ್ ವಿದ್ಯಾರ್ಥಿಯೊಬ್ಬ ಏನು ಬರೆಯಬೇಕು? ಕತೆ ಕಟ್ಟಲು ನನಗೆ ಬಾರದು, ಕವಿತೆಯಂತೂ ದೂರದ ಮಾತು. ಆದರೆ ಏಳನೆಯ ತರಗತಿವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತ ಸಂಧಿ, ವಿಭಕ್ತಿಗಳು ಲೆಕ್ಕಪತ್ರದ ಕೆಲಸದಲ್ಲೂ ಉಪಯೋಗಕ್ಕೆ ಬರುತ್ತವೆ ಅಂತ ಹೇಳಿದರೆ ನೀವು ನಂಬಲಿಕ್ಕಿಲ್ಲ. ಸಂಜೆ ಹೊತ್ತು ನಾನು ಒಬ್ಬ ಲೆಕ್ಕಪರಿಶೋಧಕರ ಆಫೀಸಿನಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತೇನೆ. ರಜೆಯಲ್ಲಿ ನಮ್ಮವರ ಸಂಘ ಸಂಸ್ಥೆಗಳ ಪತ್ರಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವುದೂ ಉಂಟು. ಆ ಪತ್ರಗಳು ಎಲ್ಲಿ ಕೆಡುತ್ತವೆ, ಕೆಡದಂತೆ ಮೊದಲೇ ಪರೀಕ್ಷಿಸುವುದು ಹೇಗೆ, ಕೆಟ್ಟರೆ ಮೂಲ ಹುಡುಕುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಮುಂಬಯಿಯಲ್ಲಿ ಒಂದೇ ಪತ್ರವನ್ನು ನೂರಾರು ಜನಕ್ಕೆ ಅವರವರ ಹೆಸರಿನಲ್ಲಿ ಕಳಿಸದ ಸಂಸ್ಥೆಯೇ ಇಲ್ಲ ಎಂದರೆ ತಪ್ಪಾಗಲಾರದು. ಸಂಘದ ಮಹಾಸಭೆಯ ನೋಟೀಸು, ಹೌಸಿಂಗ್ ಸೊಸೈಟಿಯ ಬಾಕಿ ಪತ್ರ, ಕಾಲೇಜಿನ ಬೋನಫೈಡ್ ಸರ್ಟಿಫಿಕೇಟು, ವಿದ್ಯಾರ್ಥಿವೇತನದ ಮಂಜೂರಾತಿ ಎಲ್ಲವೂ ಇದೇ ಜಾತಿ. ಹಿಂದೆ ಸ್ಟೆನ್ಸಿಲ್ ಕೊರೆದು, ಹೆಸರಿನ ಜಾಗ ಖಾಲಿ ಬಿಟ್ಟು, ಪ್ರತಿ ತೆಗೆದ ಮೇಲೆ ಪೆನ್ನಿನಿಂದ ತುಂಬುತ್ತಿದ್ದರು. ಹಾಗೆ ತುಂಬುವ ಗುಮಾಸ್ತ ಬರೆಯುತ್ತ ಬರೆಯುತ್ತ ಓದುತ್ತಲೂ ಇದ್ದ. ‘ಶ್ರೀ/ಶ್ರೀಮತಿ’ ಎಂದಿದ್ದಲ್ಲಿ ಬೇಡದ್ದನ್ನು ಹೊಡೆದು ಹಾಕುತ್ತಿದ್ದ. ತೀರಿಕೊಂಡವರ ಹೆಸರು ಬಂದರೆ ಅವನ ಕೈ ತಾನಾಗಿ ನಿಲ್ಲುತ್ತಿತ್ತು.

ಈಗ ಆ ಕೆಲಸವನ್ನು ‘ಮೇಲ್ ಮರ್ಜ್’ ಎಂಬ ಸೌಲಭ್ಯ ಮಾಡುತ್ತದೆ. ಇದಕ್ಕೆ ಎರಡು ವಸ್ತು ಬೇಕು. ಒಂದು, ವರ್ಡ್‌ನಲ್ಲಿ ಬರೆದ ಮಾದರಿ ಪತ್ರ. ಇನ್ನೊಂದು, ಎಕ್ಸೆಲ್‌ನಲ್ಲಿ ಮಾಡಿದ ಪಟ್ಟಿ. ಪಟ್ಟಿಯ ಒಂದೊಂದು ಸಾಲು ಒಬ್ಬೊಬ್ಬ ವ್ಯಕ್ತಿ. ಒಂದೊಂದು ಕಾಲಂ ಹೆಸರು, ವಿಳಾಸ, ಬಾಕಿ, ತಾರೀಕು ಹೀಗೆ. ಪತ್ರದಲ್ಲಿ «ಹೆಸರು», «ಬಾಕಿ» ಎಂಬ ಜೋಡಿ ಬಾಣದ ಗುರುತುಗಳಿರುತ್ತವೆ. ಕಂಪ್ಯೂಟರು ಒಂದೊಂದೇ ಸಾಲನ್ನು ತೆಗೆದು ಆ ಗುರುತುಗಳಲ್ಲಿ ತುಂಬುತ್ತ ಹೋಗುತ್ತದೆ. ಮುನ್ನೂರು ಪತ್ರ ಒಂದು ನಿಮಿಷದೊಳಗೆ ತಯಾರು. ಆದರೆ ಅದು ತುಂಬುತ್ತದೆಯೇ ಹೊರತು ಓದುವುದಿಲ್ಲ. ಗುಮಾಸ್ತನ ಅರ್ಧ ಕೆಲಸ ಯಂತ್ರಕ್ಕೆ ಹೋಯಿತು, ಓದುವ ಅರ್ಧ ಯಾರ ಪಾಲಿಗೂ ಬರಲಿಲ್ಲ. ತೊಂದರೆಗಳೆಲ್ಲ ಶುರುವಾಗುವುದು ಅಲ್ಲಿಂದಲೇ.

ಕನ್ನಡದ ಹೆಸರು ಸುಮ್ಮನೆ ಕೂರುವುದಿಲ್ಲ

ಮಾದರಿ ಪತ್ರದ ಕಲ್ಪನೆ ಇಂಗ್ಲಿಷಿನಿಂದ ಬಂದದ್ದು. ಆ ಭಾಷೆಯಲ್ಲಿ ‘ಇನ್ ಥಾಣೆ’, ‘ಇನ್ ವಡಾಲ’, ‘ಇನ್ ಮುಲುಂಡ್’ ಅಂದರೆ ಮುಗಿಯಿತು. ಊರಿನ ಹೆಸರು ಕದಲುವುದಿಲ್ಲ, ಆದ್ದರಿಂದ ಖಾಲಿ ಜಾಗದಲ್ಲಿ ಯಾವ ಊರು ಇಟ್ಟರೂ ವಾಕ್ಯ ಸರಿಯಾಗಿಯೇ ಇರುತ್ತದೆ. ಕನ್ನಡದಲ್ಲಿ ಹಾಗಲ್ಲ. ಥಾಣೆಯಲ್ಲಿ, ವಡಾಲದಲ್ಲಿ, ಮುಲುಂಡಿನಲ್ಲಿ: ಮೂರು ಊರಿಗೆ ಮೂರು ರೂಪ. ನಮ್ಮ ನೆರೆಯ ಮರಾಠಿಯಲ್ಲೂ ಇದೇ ಕತೆ. ಅಲ್ಲಿ ಥಾಣೆ ‘ಥಾಣ್ಯಾತ್’ ಆಗುತ್ತದೆ, ಪುಣೆ ‘ಪುಣ್ಯಾತ್’ ಆಗುತ್ತದೆ.

ಈಗ ಒಬ್ಬರು ಥಾಣೆ, ಅಂಧೇರಿ, ಡೊಂಬಿವಲಿ ಮೂರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ‘«ಊರು»ಯಲ್ಲಿ ವಾಸಿಸುವ’ ಅಂತ ಮಾದರಿ ಬರೆದರು ಅನ್ನಿ. ಮೂರಕ್ಕೂ ಸರಿ ಬರುತ್ತದೆ. ನಾಲ್ಕನೆಯವರು ವಡಾಲದವರು. ‘ವಡಾಲಯಲ್ಲಿ ವಾಸಿಸುವ’ ಅಂತ ಅಚ್ಚಾಗುತ್ತದೆ. ಐದನೆಯವರಿಗೆ ‘ಮುಲುಂಡ್‌ಯಲ್ಲಿ’. ಯಾಕೆ? ಥಾಣೆ + ಅಲ್ಲಿ ಸೇರುವಾಗ ಯಕಾರಾಗಮ. ವಿಷ್ಣು + ಇಗೆ ಸೇರುವಾಗ ವಕಾರಾಗಮ. ಅಕಾರದಲ್ಲಿ ಮುಗಿಯುವ ಊರಿಗೆ ‘ದ’ ಬರುತ್ತದೆ, ವ್ಯಂಜನದಲ್ಲಿ ಮುಗಿದರೆ ‘ಇನ’ ಬರುತ್ತದೆ. ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಸಂಧಿಯನ್ನೂ ವಿಭಕ್ತಿಯನ್ನೂ ವಿಂಗಡಿಸಿ ಹೇಳಿದ. ಮೇಲ್ ಮರ್ಜ್‌ಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ!

ಮನುಷ್ಯರ ಹೆಸರಿಗೂ ಇದೇ ಪಾಡು. ರಮೇಶನಿಗೆ, ಲಕ್ಷ್ಮಿಗೆ, ವಿಷ್ಣುವಿಗೆ. ‘«ಹೆಸರು»ನಿಗೆ’ ಅಂತ ಬರೆದರೆ ಲಕ್ಷ್ಮಿ ಗಂಡಸಾಗುತ್ತಾಳೆ. ಸರ್ಟಿಫಿಕೇಟಿನಲ್ಲಿ ‘ಉತ್ತೀರ್ಣನಾಗಿದ್ದಾನೆ’ ಎಂದಿದ್ದರೆ ಅರ್ಧ ಕ್ಲಾಸಿಗೆ ತಪ್ಪು.

ಇದಕ್ಕೆ ಪರಿಹಾರ ನಮ್ಮ ಭಾಷೆಯಲ್ಲೇ ಇದೆ. ಹೆಸರಿಗೆ ನೇರವಾಗಿ ಪ್ರತ್ಯಯ ಅಂಟಿಸಬೇಡಿ, ಹೆಸರಿನ ಮುಂದೆ ಒಂದು ಕೊಕ್ಕೆ ಹಾಕಿ. ‘«ಹೆಸರು» ಅವರಿಗೆ’, ‘«ಹೆಸರು» ಅವರ ಬಾಕಿ’, ‘«ಊರು» ಶಾಖೆಯಲ್ಲಿ’, ‘«ಊರು» ನಿವಾಸಿಯಾದ’. ಹೆಸರು ಇದ್ದ ಹಾಗೇ ಇರುತ್ತದೆ, ವಿಭಕ್ತಿಯ ಭಾರವನ್ನು ಕೊಕ್ಕೆ ಹೊರುತ್ತದೆ. ಕ್ರಿಯಾಪದವನ್ನು ‘ಉತ್ತೀರ್ಣರಾಗಿದ್ದಾರೆ’ ಎಂದು ಬಹುವಚನಕ್ಕೆ ತಂದರೆ ಗಂಡು ಹೆಣ್ಣಿನ ತೊಡಕೂ ಹೋಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಕೊಕ್ಕೆಗೂ ಗುರುತಿಗೂ ನಡುವೆ ಒಂದು ಜಾಗ ಬಿಡುವುದನ್ನು ಮಾತ್ರ ಮರೆಯಬಾರದು. ಬಿಡದಿದ್ದರೆ ‘ರಮೇಶಅವರಿಗೆ’ ಅಂತ ಮುನ್ನೂರು ಸಲ ಬೀಳುತ್ತದೆ.

ಪಟ್ಟಿಯೊಳಗಿನ ಕಳ್ಳರು

ಎರಡನೆಯ ತಕರಾರು ಪಟ್ಟಿಯದು. ಕಣ್ಣಿಗೆ ಸರಿ ಕಾಣುವ ಪಟ್ಟಿಯಲ್ಲೂ ಕೆಲವು ಕಳ್ಳರು ಅಡಗಿರುತ್ತಾರೆ. ಇವರನ್ನು ಒಬ್ಬೊಬ್ಬರಾಗಿ ಗುರುತು ಹಿಡಿದುಕೊಂಡರೆ ಮುಂದೆ ಸುಲಭ.

ಮೊದಲನೆಯದು ತಾರೀಕು. ಎಕ್ಸೆಲ್‌ನಲ್ಲಿ 5-6-2025 ಎಂದು ಚೆನ್ನಾಗಿ ಕಾಣುವ ಜೂನ್ ಐದು, ವರ್ಡ್‌ಗೆ ಬರುವಾಗ ಅನೇಕ ವೇಳೆ ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲಾಗಿ 6-5-2025 ಆಗುತ್ತದೆ. ಓದುವವರು ಮೇ ಆರು ಅಂತ ತಿಳಿಯುತ್ತಾರೆ. ಹನ್ನೆರಡರೊಳಗಿನ ತಾರೀಕಾದರೆ ಈ ಅದಲುಬದಲು ಕಣ್ಣಿಗೇ ಬೀಳುವುದಿಲ್ಲ. ಡಿಸೆಂಬರ್ 25ನ್ನು ಹಾಕಿ ನೋಡಿದರೆ 12-25 ಎಂದು ಕೂಡಲೇ ಸಿಕ್ಕಿಬೀಳುತ್ತದೆ. ಆ ಗುರುತಿನೊಳಗೆ ತಾರೀಕಿನ ರೂಪವನ್ನು ಬರೆದು ಸರಿಪಡಿಸಬಹುದು. ಅಲ್ಲೂ ಒಂದು ಸೂಕ್ಷ್ಮ ಇದೆ: ಇಂಗ್ಲಿಷಿನ ದೊಡ್ಡ ಎಂ ಅಂದರೆ ತಿಂಗಳು, ಸಣ್ಣ ಎಂ ಅಂದರೆ ನಿಮಿಷ. ಸಣ್ಣದು ಬರೆದರೆ ತಿಂಗಳಿನ ಜಾಗದಲ್ಲಿ ಸೊನ್ನೆ ಸೊನ್ನೆ ಬಂದು ಕೂರುತ್ತದೆ.

ಎರಡನೆಯದು ಅಂಕಿ. ಸದಸ್ಯತ್ವ ಸಂಖ್ಯೆ 045 ಎಂದು ಹೊಡೆದರೆ ಎಕ್ಸೆಲ್ ಅದನ್ನು ಎಣಿಕೆಯೆಂದು ತಿಳಿದು 45 ಮಾಡುತ್ತದೆ. 1972ರಲ್ಲಿ ಬಂದ ಆರಂಕಿಯ ಪಿನ್ ಕೋಡ್‌ಗೆ ಈ ಭಯವಿಲ್ಲ, ಯಾಕೆಂದರೆ ಅದು ಸೊನ್ನೆಯಿಂದ ಶುರುವಾಗುವುದಿಲ್ಲ. ಬ್ಯಾಂಕ್ ಖಾತೆಯ ಸಂಖ್ಯೆಗೆ ಇನ್ನೂ ದೊಡ್ಡ ಅಪಾಯ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ ಹದಿನೈದು ಅಂಕಿಗಳನ್ನು ಮಾತ್ರ ನೆನಪಿಡುತ್ತದೆ. ಹದಿನಾರು ಅಂಕಿಯ ಖಾತೆಯಾದರೆ ಕೊನೆಯದು ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಹಣ ಹೋಗಬೇಕಾದ ಖಾತೆಯೇ ಬೇರೆಯಾಯಿತಲ್ಲ ಮಾರಾಯ್ರೆ! ಆದ್ದರಿಂದ ಕೂಡಿಸಿ ಕಳೆಯದ ಯಾವ ಅಂಕಿಯನ್ನೂ ಎಣಿಕೆಯಾಗಿ ಇಡಬಾರದು, ಆ ಕಾಲಮನ್ನು ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಮಾಡಬೇಕು. ಕಾಲಮಿನಲ್ಲಿ ಹೊಡೆದಾದ ಮೇಲೆ ಮಾಡಿದರೆ ಹೋದ ಅಂಕಿ ಹಿಂದೆ ಬರುವುದಿಲ್ಲ.

ಮೂರನೆಯದು ನಮ್ಮ ಕನ್ನಡಕ್ಕೇ ವಿಶೇಷವಾದದ್ದು. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಥರ. ಅವಸರದಲ್ಲಿ ‘೨೦’ ಬದಲು ‘೨ಂ’ ಅಂತ ಹೊಡೆದಿರುತ್ತಾರೆ. ಕಾಗದದ ಮೇಲೆ ಎರಡೂ ಇಪ್ಪತ್ತೇ. ಕಂಪ್ಯೂಟರಿಗೆ ಮಾತ್ರ ಎರಡನೆಯದು ಸಂಖ್ಯೆಯೇ ಅಲ್ಲ, ಹುಡುಕಿದರೆ ಸಿಗುವುದಿಲ್ಲ, ಮೊತ್ತಕ್ಕೆ ಸೇರುವುದಿಲ್ಲ.

ನಾಲ್ಕನೆಯದು ಲಿಪಿಯ ಗೊಂದಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರವೂ ಬಂತು. ಆದರೆ ಅದಕ್ಕೆ ಮುಂಚೆಯೂ ಆಮೇಲೂ ಸಾವಿರಾರು ಕಡತಗಳು ಹಳೆಯ ಪದ್ಧತಿಯ ಫಾಂಟುಗಳಲ್ಲಿ ತಯಾರಾದವು. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ನಮ್ಮವರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿಸಿದವು, ಅವುಗಳ ಋಣ ದೊಡ್ಡದು. ಹಳೆಯ ಪದ್ಧತಿಯ ಫಾಂಟಿನಲ್ಲಿ ಮಾತ್ರ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಹೊರಗೆ ಕಾಣುವುದು ಕನ್ನಡದ ಆಕಾರ. ಹತ್ತು ವರ್ಷದ ಹಿಂದಿನ ಪಟ್ಟಿ ಆ ಫಾಂಟಿನಲ್ಲಿದ್ದು ಇವತ್ತಿನ ಪತ್ರ ಯೂನಿಕೋಡಿನಲ್ಲಿದ್ದರೆ, ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬರುತ್ತವೆ. ಪತ್ರದ ಫಾಂಟು ಬದಲಿಸಿ ಇದನ್ನು ಮುಚ್ಚಲು ಹೋಗಬಾರದು. ಪಟ್ಟಿಯನ್ನೇ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಬೇಕು, ತಂದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ನೋಡಬೇಕು.

ಐದನೆಯದು ಖಾಲಿ ಕೋಣೆ. ‘ಲಿಂಗದ ಕಾಲಮಿನಲ್ಲಿ ಪು ಎಂದಿದ್ದರೆ ಶ್ರೀ ಹಾಕು, ಇಲ್ಲದಿದ್ದರೆ ಶ್ರೀಮತಿ ಹಾಕು’ ಎಂಬ ನಿಯಮವನ್ನು ಪತ್ರದೊಳಗೇ ಬರೆಯಬಹುದು. ಕಾಲಂ ಖಾಲಿ ಇದ್ದರೆ? ಖಾಲಿ ಎಂದರೆ ‘ಪು’ ಅಲ್ಲ, ಆದ್ದರಿಂದ ಶ್ರೀಮತಿ. ಮೀಸೆ ಬಿಟ್ಟ ಯಜಮಾನರಿಗೂ ಶ್ರೀಮತಿ!

ಹೆಸರು ಅಂದರೆ ಯಾವುದು?

ಮುಂಬಯಿಯ ಕನ್ನಡಿಗರಿಗೆ ಇನ್ನೊಂದು ಕಷ್ಟ ಇದೆ. ಮಹಾರಾಷ್ಟ್ರದ ರೀತಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಕುಲನಾಮ ಎಂದು ಮೂರು ಭಾಗ. ಎಷ್ಟೋ ಫಾರಂಗಳಲ್ಲಿ ಕುಲನಾಮವೇ ಮೊದಲು. ನಮ್ಮಲ್ಲಿ ಅನೇಕರಿಗೆ ಕುಲನಾಮವೇ ಇಲ್ಲ, ಊರಿನ ಇನಿಶಿಯಲ್ ಒಂದು, ತಂದೆಯ ಇನಿಶಿಯಲ್ ಒಂದು. ಕಲಬುರಗಿ, ವಿಜಯಪುರ ಕಡೆಯಿಂದ ದುಡಿಯಲು ಬಂದವರ ಮಕ್ಕಳು ಶಾಲೆಗೆ ಸೇರುವಾಗ ಕುಲನಾಮದ ಕೋಣೆ ಖಾಲಿ ಬಿಡಬಾರದೆಂದು ಅಪ್ಪನ ಹೆಸರನ್ನೇ ಬರೆಸಿದ್ದುಂಟು. ಆಮೇಲೆ ಮಾದರಿ ಪತ್ರದಲ್ಲಿ ಅಪ್ಪನ ಹೆಸರು ಎರಡು ಸಲ ಬರುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು ರೂಪ, ಬ್ಯಾಂಕಿನಲ್ಲಿ ಇನ್ನೊಂದು ರೂಪವಾದರೆ ವಿದ್ಯಾರ್ಥಿವೇತನದ ಹಣ ಹುಡುಗನ ಕೈಗೆ ಬರುವ ಮೊದಲು ಅಪ್ಪ ಎರಡು ದಿನದ ಕೂಲಿ ಬಿಟ್ಟು ಅಫಿಡವಿಟ್ ಮಾಡಿಸಲು ಅಲೆಯಬೇಕು.

ಇದು ನಿಂತ ನೀರೂ ಅಲ್ಲ. 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಸರಕಾರಿ ದಾಖಲೆಗಳಲ್ಲಿ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಕುಲನಾಮ ಎಂಬ ಕ್ರಮವನ್ನು ಮಹಾರಾಷ್ಟ್ರ ಸರಕಾರ ಕಡ್ಡಾಯ ಮಾಡಿದೆ. ಮೂರು ಗುರುತು ಇದ್ದ ಮಾದರಿಗಳು ನಾಲ್ಕಕ್ಕೆ ಏರಬೇಕು. 1995ರಲ್ಲಿ ಬಾಂಬೆ ಮುಂಬಯಿ ಆದಾಗಲೂ ತಲೆಬರಹ, ಮೊಹರು, ಫಾರಂ ಎಲ್ಲ ಬದಲಾಗಬೇಕಾಯಿತು. ಬದಲಾಗಲಾರದು ಅಂತ ನಾವು ಗಟ್ಟಿಯಾಗಿ ಬರೆದಿಟ್ಟ ಮಾತೂ ಒಂದು ದಿನ ಬದಲಾಗುತ್ತದೆ. ಅದನ್ನು ಪತ್ರದಲ್ಲಿ ಹತ್ತು ಕಡೆ ಹೊಡೆಯದೆ ಒಂದೇ ಕಡೆ ಇಡುವುದು ಜಾಣತನ.

ಕಾಟದ ಪಟ್ಟಿ

ಇನ್ನು ಪರೀಕ್ಷೆ ಹೇಗೆ? ಸಾಮಾನ್ಯವಾಗಿ ಎಲ್ಲರೂ ಪಟ್ಟಿಯ ಮೊದಲ ಎರಡು ಸಾಲು ನೋಡಿ, ‘ಆಯ್ತು, ಪ್ರಿಂಟ್ ಕೊಡು’ ಅನ್ನುತ್ತಾರೆ. ಮೊದಲ ಸಾಲುಗಳು ಬಹುಮಟ್ಟಿಗೆ ಅಧ್ಯಕ್ಷರು, ಕಾರ್ಯದರ್ಶಿಗಳದ್ದು. ಅವರ ಹೆಸರು, ವಿಳಾಸ ಸರಿಯಾಗಿಯೇ ಇರುತ್ತದೆ. ಕೆಡುವುದು ಪಟ್ಟಿಯ ಕೆಳಗಿರುವವರದ್ದು.

ನಾನು ನಿಜವಾದ ಪಟ್ಟಿಗೆ ಮೊದಲು ಹತ್ತು ಸಾಲಿನ ಒಂದು ಸುಳ್ಳು ಪಟ್ಟಿ ಮಾಡಿಕೊಳ್ಳುತ್ತೇನೆ. ಅದಕ್ಕೆ ‘ಕಾಟದ ಪಟ್ಟಿ’ ಅಂತ ಹೆಸರಿಟ್ಟಿದ್ದೇನೆ. ಅದರಲ್ಲಿ ಎರಡು ಸಾಲು ಹಿಡಿಯದಷ್ಟು ಉದ್ದದ ಹೆಸರು ಒಂದು, ಎರಡೇ ಅಕ್ಷರದ್ದು ಒಂದು. ಅ, ಇ, ಉ, ಎ ಮತ್ತು ವ್ಯಂಜನದಲ್ಲಿ ಮುಗಿಯುವ ಹೆಸರುಗಳು, ಊರುಗಳು. ಕುಲನಾಮವಿಲ್ಲದವರು ಒಬ್ಬರು. ಲಿಂಗದ ಕಾಲಂ ಖಾಲಿ ಇರುವವರು ಒಬ್ಬರು. ಬಾಕಿ ಸೊನ್ನೆ ಇರುವವರು ಒಬ್ಬರು, 1,25,000 ಇರುವವರು ಒಬ್ಬರು. ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಕೆಲಸವನ್ನು ವರ್ಡ್‌ಗೇ ಬಿಟ್ಟರೆ ಅದು ಇಂಗ್ಲಿಷಿನಲ್ಲಿ ನೂರ ಇಪ್ಪತ್ತೈದು ಸಾವಿರ ಅನ್ನುತ್ತದೆ, ಅದಕ್ಕೆ ಲಕ್ಷ ಗೊತ್ತಿಲ್ಲ. ಜೂನ್ 5 ಒಂದು, ಡಿಸೆಂಬರ್ 25 ಒಂದು. 007 ಎಂಬ ಸದಸ್ಯ. ಹದಿನಾರು ಅಂಕಿಯ ಖಾತೆ. ಕೊನೆಗೆ, ಗಂಡ ತೀರಿಕೊಂಡು ಹೆಂಡತಿಯ ಹೆಸರಿಗೆ ವರ್ಗವಾದ ಸದಸ್ಯತ್ವ ಒಂದು. ಈ ಹತ್ತು ಪತ್ರ ಸರಿ ಬಂದರೆ ಮುನ್ನೂರರಲ್ಲಿ ಹೆಚ್ಚಿನವು ಸರಿ ಬರುತ್ತವೆ.

ಆ ಕೊನೆಯ ಸಾಲನ್ನು ಸೇರಿಸಲು ಕಾರಣ ಇದೆ. ನಮ್ಮ ಬಿಲ್ಡಿಂಗಿನಲ್ಲಿರುವ ಅಕ್ಕ ಒಬ್ಬರಿಗೆ ಒಮ್ಮೆ ಬಾಕಿಯ ಪತ್ರ ಬಂತು. ಯಾವ ಸಂಸ್ಥೆ ಎಂಬುದು ಇಲ್ಲಿ ಬೇಡ. ಹಿಂದಿನ ವರ್ಷವಷ್ಟೇ ಅವರ ಯಜಮಾನರು ತೀರಿಕೊಂಡಿದ್ದರು. ಪತ್ರ ಓದಲು ನನ್ನನ್ನು ಕರೆದರು. ‘ದಿವಂಗತ’ ಎಂಬ ಮಾತು ಅಕ್ಕನ ಹೆಸರಿನ ಹಿಂದೆಯೇ ಇತ್ತು. ಓದಿ ಹೇಳಲು ನನಗೆ ನಾಲಿಗೆ ಬರಲಿಲ್ಲ. ಅವರೇ ಕನ್ನಡಕ ಹಾಕಿಕೊಂಡು ನೋಡಿ, “ಏನು ಮಗಾ, ನನ್ನನ್ನೂ ಸಾಯಿಸಿಬಿಟ್ಟರಾ? ಸತ್ತ ಮೇಲೂ ಹದಿನೈದು ದಿನದೊಳಗೆ ಬಾಕಿ ಕಟ್ಟಬೇಕಂತಲ್ಲ” ಅಂತ ನಕ್ಕರು. ಆ ನಗುವಿನ ಹಿಂದೆಯೇ ಕಣ್ಣೊರಸಿಕೊಂಡರು.

ಆ ತಪ್ಪು ಹೇಗಾಯಿತೆಂದು ಆಮೇಲೆ ತಿಳಿಯಿತು. ಪಟ್ಟಿ ಮಾಡಿದವರು ಹೆಸರಿನ ಕಾಲಂ ಒಂದನ್ನೇ ಅಕಾರಾದಿಗೆ ಜೋಡಿಸಿದ್ದರು. ಪಕ್ಕದ ಕಾಲಮುಗಳು ಇದ್ದಲ್ಲೇ ಉಳಿದವು. ಒಬ್ಬರ ಹೆಸರು, ಇನ್ನೊಬ್ಬರ ಬಾಕಿ, ಮತ್ತೊಬ್ಬರ ‘ದಿವಂಗತ’. ಪಟ್ಟಿ ನೋಡಲು ಮೊದಲಿಗಿಂತ ಅಚ್ಚುಕಟ್ಟಾಗಿಯೇ ಇತ್ತು.

ಕೆಟ್ಟಾಗ ಎಲ್ಲಿ ಹುಡುಕಬೇಕು?

ಪತ್ರ ತಪ್ಪಾಗಿ ಬಂತು ಅನ್ನಿ. ತಯಾರಾದ ಪತ್ರದಲ್ಲೇ ಕೈಯಿಂದ ತಿದ್ದುವುದು ಸುಲಭ, ಆದರೆ ಮುಂದಿನ ತಿಂಗಳು ಅದೇ ತಪ್ಪು ಮತ್ತೆ ಬರುತ್ತದೆ. ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ತಪ್ಪು ಎಷ್ಟು ಜನಕ್ಕೆ ಬಂದಿದೆ?

ಎಲ್ಲರಿಗೂ ಬಂದಿದ್ದರೆ ದೋಷ ಮಾದರಿ ಪತ್ರದಲ್ಲಿದೆ. ಒಬ್ಬರಿಗೆ ಮಾತ್ರ ಬಂದಿದ್ದರೆ ಪಟ್ಟಿಯ ಆ ಸಾಲಿನಲ್ಲಿದೆ. ಕೆಲವರಿಗೆ ಬಂದು ಕೆಲವರಿಗೆ ಬಾರದಿದ್ದರೆ, ಆ ಕೆಲವರನ್ನು ಒಟ್ಟಿಗಿಟ್ಟು ಅವರಲ್ಲಿ ಸಮಾನವಾದದ್ದು ಏನು ಅಂತ ನೋಡಿ. ಎಲ್ಲ ಅಕಾರಾಂತ ಊರಿನವರೇ? ಎಲ್ಲ ಹೆಂಗಸರೇ? ಎಲ್ಲ ಹನ್ನೆರಡನೆಯ ತಾರೀಕಿನ ಒಳಗಿನವರೇ? ಹಾಗಿದ್ದರೆ ದೋಷ ಪತ್ರವೂ ಪಟ್ಟಿಯೂ ಸೇರುವ ಕೀಲಿನಲ್ಲಿದೆ. ಯಾವ ಸಮಾನತೆಯೂ ಇಲ್ಲದೆ ನಡುವಿನಿಂದ ಕೊನೆವರೆಗೆ ಎಲ್ಲ ಗೋಜಲಾಗಿದ್ದರೆ ಸಾಲುಗಳು ಸರಿದಿವೆ. ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ತಿದ್ದಿ, ಮತ್ತೆ ಕಾಟದ ಪಟ್ಟಿ ಓಡಿಸಿ. ಎರಡು ಒಟ್ಟಿಗೆ ತಿದ್ದಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಕಾಮರ್ಸ್‌ನವರಿಗೆ ಒಂದು ಮಾತು. ಪಟ್ಟಿಯಲ್ಲಿ 340 ಸಾಲು ಇದ್ದರೆ 340 ಪತ್ರ ಬರಬೇಕು. 341 ಬಂದರೆ ಕೊನೆಯಲ್ಲಿ ಒಂದು ಖಾಲಿ ಸಾಲು ಇದೆ. ಪತ್ರಗಳ ಬಾಕಿಯ ಮೊತ್ತ ಲೆಡ್ಜರಿನ ಮೊತ್ತಕ್ಕೆ ತಾಳೆಯಾಗಬೇಕು. ಆದರೆ ತಾಳೆಯಾಯಿತೆಂದು ಹಿಗ್ಗಬೇಡಿ. ಟ್ರಯಲ್ ಬ್ಯಾಲೆನ್ಸ್ ಸರಿ ಬಂದರೂ ಒಬ್ಬರ ಖಾತೆಯದು ಇನ್ನೊಬ್ಬರಿಗೆ ಬಿದ್ದ ತಪ್ಪು ಅದರಲ್ಲಿ ಕಾಣುವುದಿಲ್ಲ ಅಂತ ನಾವು ಹನ್ನೊಂದನೆಯಲ್ಲೇ ಓದಿದ್ದೇವೆ. ಅಕ್ಕನ ಪತ್ರ ಹೋದ ದಿನವೂ ಒಟ್ಟು ಮೊತ್ತ ಸರಿಯಾಗಿಯೇ ಇದ್ದಿರಬೇಕು. ವರ್ಡ್‌ನಲ್ಲಿ ತಪ್ಪು ಹುಡುಕುವ ಒಂದು ಗುಂಡಿಯೂ ಇದೆ. ಪತ್ರದ ಗುರುತಿಗೆ ಪಟ್ಟಿಯಲ್ಲಿ ಕಾಲಮೇ ಇಲ್ಲದಿದ್ದರೆ ಅದು ಹೇಳುತ್ತದೆ. ಆ ಕಾಲಮಿನಲ್ಲಿ ಬೇರೆಯವರ ಬಾಳು ಬಂದು ಕೂತಿದ್ದರೆ ಅದಕ್ಕೆ ಗೊತ್ತಾಗದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಇಷ್ಟೇ. ನಗರದ ಉದ್ದಗಲಕ್ಕೂ ನಮ್ಮ ಸಂಘಗಳಲ್ಲಿ ಕಂಪ್ಯೂಟರ್ ಬಲ್ಲವರು ಬೇಕಾದಷ್ಟು ಇದ್ದಾರೆ, ಕನ್ನಡದ ಕಿವಿ ಇರುವವರು ಕಡಿಮೆ. ನಿಮ್ಮ ಏರಿಯಾದ ಸಂಘದ ಪತ್ರ ಹೊರಡುವ ಮುನ್ನ ಹತ್ತು ಪ್ರತಿ ತೆಗೆಸಿ. ಪಟ್ಟಿಯ ಮೇಲಿನ ಹತ್ತು ಬೇಡ, ಅಲ್ಲೊಂದು ಇಲ್ಲೊಂದು ಆರಿಸಿದ್ದು ಆಗಲಿ. ಅವನ್ನು ಕಣ್ಣಿನಲ್ಲಿ ನೋಡದೆ ಬಾಯಿಬಿಟ್ಟು ಜೋರಾಗಿ ಓದಿ, ಇನ್ನೊಬ್ಬರು ಮೂಲ ದಾಖಲೆ ಹಿಡಿದುಕೊಂಡು ಪಕ್ಕದಲ್ಲಿ ಕೂತು ಹೆಸರನ್ನೂ ಬಾಕಿಯನ್ನೂ ತಾಳೆ ನೋಡಲಿ. ‘ವಡಾಲಯಲ್ಲಿ’ ಎಂಬುದು ಕಣ್ಣನ್ನು ದಾಟಿ ಹೋದೀತು, ಕಿವಿಯನ್ನು ದಾಟುವುದಿಲ್ಲ. ಅರ್ಧ ಗಂಟೆಯ ಕೆಲಸ, ಒಂದು ಚಹಾ ಸಂಘದವರೇ ಕೊಡಿಸುತ್ತಾರೆ.